ಕಾಲ ಮೇಲೆ ಕಂಬಳಿ ಎಳೆದವರು ಯಾರು?

ಅವರೆಕಾಯಿ ಕಾಲ. ದೊಡ್ಡಮ್ಮ ನೆನೆಸಿದ ಕಾಳು ಹಿದುಕುತ್ತಾ ಕೂತಿದ್ದರು, ನಾನು ಎದುರಿಗೆ. ದೊಡ್ಡಪ್ಪ ತೀರಿಕೊಂಡು ಏಳು ತಿಂಗಳಾಗಿತ್ತು. ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳಿದರು: "ರಾತ್ರಿ ಬಂದು ಕಾಲ ಮೇಲೆ ಕಂಬಳಿ ಎಳೀತಾರೆ ಕಣೇ."

ಯಾರು ಅಂತ ನಾನು ಕೇಳಲಿಲ್ಲ. ಮೊದಲು ಮಂಚದ ಆ ಕಡೆ ಅಂಚು ಸ್ವಲ್ಪ ಕುಸಿಯುತ್ತದಂತೆ, ಯಾರೋ ಕೂತಾಗ ಕುಸಿಯುವ ಹಾಗೆ. ಆಮೇಲೆ ಕಂಬಳಿ. ಬೆಳಗಿನ ಜಾವ ನಾಲ್ಕೂವರೆ, ಐದರ ಹೊತ್ತು. ದೊಡ್ಡಪ್ಪ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ ಹೊತ್ತೇ ಅದು. ಹೆದರಿಕೆ ಆಗಲ್ವಾ ಅಂದೆ. "ನಲವತ್ತೆರಡು ವರ್ಷ ಜೊತೇಲಿ ಬಾಳಿದೋರಿಗೆ ಯಾಕೆ ಹೆದರ್ಲಿ?" ಅಂದರು. ಆಮೇಲೆ ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡ. ನಿಮ್ಮಣ್ಣಂಗೆ ಗೊತ್ತಾದ್ರೆ ತಲೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾನೆ. ನಿಮ್ಮತ್ತಿಗೆಗೆ ಗೊತ್ತಾದ್ರೆ ಶಾಸ್ತ್ರ ಕೇಳ್ಸಿ, ಶಾಂತಿ ಮಾಡ್ಸಿ ಓಡಿಸಿಬಿಡ್ತಾಳೆ."

ಇಡೀ ವಿಷಯ ಆ ಎರಡು ಮಾತಿನಲ್ಲೇ ಇದೆ. ಸತ್ತವರು ಪಕ್ಕದಲ್ಲಿ ಇದ್ದ ಹಾಗೆ, ಮುಟ್ಟಿದ ಹಾಗೆ ಅನಿಸಿತು ಅಂದರೆ ಅದನ್ನು ಇಡಲು ನಮ್ಮ ಮನೆಗಳಲ್ಲಿ ಎರಡೇ ಗೂಡುಗಳಿವೆ. ಒಂದು ದೆವ್ವ, ಇನ್ನೊಂದು ಕಾಯಿಲೆ. ಹೆಚ್ಚಿನವರ ಅನುಭವ ಎರಡರಲ್ಲೂ ಕೂರುವುದಿಲ್ಲ. ಹಾಗಾಗಿ ಅವರು ಬಾಯಿ ಬಿಡುವುದಿಲ್ಲ.

ಬಾಯಿ ಬಿಡದವರನ್ನು ಲೆಕ್ಕ ಹಾಕಲು ಹೊರಟವರು ಒಬ್ಬ ಹಳ್ಳಿ ಡಾಕ್ಟರು. ಹೆಸರು ಡೀವಿ ರೀಸ್. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ನಡುಭಾಗದಲ್ಲಿ, ಲ್ಯಾನಿಡ್ಲೋಸ್ ಎಂಬ ಸಣ್ಣ ಊರಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದರು. ಅವರು ತಮ್ಮ ಸುತ್ತಿನ ಊರುಗಳಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಕೂರಿಸಿ ಮಾತಾಡಿಸಿದರು. ಮಾತಾಡುವಷ್ಟು ಆರೋಗ್ಯ ಇದ್ದವರಲ್ಲಿ ಹೆಚ್ಚುಕಮ್ಮಿ ಎಲ್ಲರನ್ನೂ ಅಂದರೆ ತಪ್ಪಿಲ್ಲ. 1971ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೆಕ್ಕ ಅಚ್ಚಾಯಿತು. ಶೇ 46.7ರಷ್ಟು ಜನ, ಹತ್ತಿರ ಹತ್ತಿರ ಅರ್ಧ, ಹೋದವರು ಬಂದ ಅನುಭವ ಆಗಿದೆ ಎಂದಿದ್ದರು. ಜಾಸ್ತಿ ಜನಕ್ಕೆ ಆಗಿದ್ದು 'ಇಲ್ಲೇ ಎಲ್ಲೋ ಇದ್ದಾರೆ' ಅನ್ನುವ ಭಾವ, ಶೇ 39. ಕಣ್ಣಿಗೆ ಕಂಡವರು ಶೇ 14, ದನಿ ಕೇಳಿದವರು ಶೇ 13ರ ಆಸುಪಾಸು. ಮುಟ್ಟಿದ ಹಾಗೆ ಆದವರು ಮಾತ್ರ ಶೇ 2.7. ಅಂದರೆ 293 ಜನರಲ್ಲಿ ಎಂಟು ಮಂದಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಅಂಕಿ. ಅನುಭವ ಆದವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಮಕ್ಕಳಿಗಿಲ್ಲ, ಗೆಳತಿಯರಿಗಿಲ್ಲ. ತಮ್ಮ ಡಾಕ್ಟರಿಗೆ ಹೇಳಿದವರು ಒಬ್ಬರೂ ಇಲ್ಲ. ಪಾದ್ರಿಗೆ ಹೇಳಿದವರು ಒಬ್ಬರೇ ಒಬ್ಬರು. ಲ್ಯಾನಿಡ್ಲೋಸ್‌ನ ಮುದುಕಿಯರೂ ನಮ್ಮ ದೊಡ್ಡಮ್ಮನ ಹಾಗೇ ಲೆಕ್ಕ ಹಾಕಿದ್ದರು ಅಲ್ವಾ?

ರೀಸ್ ಇನ್ನೂ ಕೆಲವು ಸಂಗತಿ ಕಂಡುಕೊಂಡರು. ದಾಂಪತ್ಯ ಉದ್ದವಾದಷ್ಟೂ, ಚೆನ್ನಾಗಿ ಬಾಳಿದಷ್ಟೂ ಈ ಅನುಭವ ಹೆಚ್ಚು. ಒಂಟಿಯಾಗಿ ಇರುವುದಕ್ಕೂ ಇದಕ್ಕೂ ನಂಟು ಕಾಣಲಿಲ್ಲ. ಖಿನ್ನತೆಗೂ ಕಾಣಲಿಲ್ಲ. ಮೊದಲ ಹತ್ತು ವರ್ಷಗಳಲ್ಲಿ ಜಾಸ್ತಿ, ಕೆಲವರಿಗೆ ಅದಕ್ಕಿಂತ ಉದ್ದ. ಅನುಭವ ಆದವರಲ್ಲಿ ಮೂರರಲ್ಲಿ ಎರಡು ಪಾಲು ಜನ 'ಇದರಿಂದ ನನಗೆ ಒಳ್ಳೆಯದೇ ಆಯಿತು' ಅಂದಿದ್ದರು. ಆಮೇಲೆ ಸ್ವೀಡನ್ನಿನ ಯೋಟೆಬೋರಿಯಲ್ಲಿ ಎಪ್ಪತ್ತು ದಾಟಿದ 50 ಜನರನ್ನು ಸಂಗಾತಿ ತೀರಿಕೊಂಡ ಒಂದು ತಿಂಗಳಿಗೆ ಕೇಳಿದಾಗ ಹತ್ತರಲ್ಲಿ ಎಂಟು ಮಂದಿ ಇಂಥದ್ದೊಂದು ಆಗಿದೆ ಅಂದರು. 2015ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರು ಹೇಳಿದ ಲೆಕ್ಕ ಶೇ 30ರಿಂದ 60. ಹೇಗೆ ಕೇಳುತ್ತೀರಿ, ಯಾವಾಗ ಕೇಳುತ್ತೀರಿ ಅನ್ನುವುದರ ಮೇಲೆ ಅಂಕಿ ಏರಿಳಿಯುತ್ತದೆ. ಅಪರೂಪದ ಸಂಗತಿ ಅಂತೂ ಅಲ್ಲ.

ಹಾಗಾದರೆ ಕಂಬಳಿ ಎಳೆದಿದ್ದು ಯಾರು? ಮುಟ್ಟಿದ ಹಾಗೆ ಆಗುವುದು ಹೇಗೆ?

ಇದಕ್ಕೆ ಸಿಕ್ಕ ಒಂದು ಸುಳಿವು ಸಾವಿಗೆ ಸಂಬಂಧವೇ ಇಲ್ಲದ ಕಡೆಯಿಂದ ಬಂತು. ಸ್ವಿಟ್ಜರ್ಲೆಂಡಿನಲ್ಲಿ 22 ವರ್ಷದ ಹುಡುಗಿಯೊಬ್ಬಳಿಗೆ ಮೂರ್ಛೆ ರೋಗ ಇತ್ತು. ಆಪರೇಷನ್‌ಗೆ ಮೊದಲು ಮಿದುಳಿನ ಯಾವ ಜಾಗ ಏನು ಮಾಡುತ್ತದೆ ಎಂದು ಡಾಕ್ಟರುಗಳು ಸಣ್ಣ ಕರೆಂಟು ಕೊಟ್ಟು ನೋಡುತ್ತಿದ್ದರು. ಎಡಕಿವಿಯ ಮೇಲೆ, ಸ್ವಲ್ಪ ಹಿಂದಕ್ಕೆ ಇರುವ ಒಂದು ಜಾಗ ಮುಟ್ಟಿದಾಗ ಅವಳಿಗೆ ಬೆನ್ನ ಹಿಂದೆ ಯಾರೋ ಇದ್ದಾರೆ ಅನಿಸಿತು. ಅವಳು ಮಲಗಿದರೆ ಅವನೂ ಮಲಗಿದ್ದ. ಅವಳು ಮುಂದಕ್ಕೆ ಬಾಗಿ ಮೊಣಕಾಲು ತಬ್ಬಿ ಕೂತಾಗ ಅವನೂ ಕೂತು ಅವಳನ್ನು ತಬ್ಬಿಕೊಂಡ. ಅದು ಅವಳಿಗೆ ಇಷ್ಟ ಆಗಲಿಲ್ಲ. ಕರೆಂಟು ನಿಲ್ಲಿಸಿದರೆ ಅವನೂ ಇಲ್ಲ. ಓಲಾಫ್ ಬ್ಲಾಂಕೆ ಮತ್ತು ಜೊತೆಗಾರರು 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಬರೆದರು. ಗಮನಿಸಿ, ಅವಳು ಹೇಗೆ ಕೂತಳೋ ಅವನೂ ಹಾಗೇ ಕೂತಿದ್ದ. ಅಂದರೆ ಆ 'ಅವನು' ಅವಳದೇ ಮೈ. ನನ್ನ ಮೈ ಇಲ್ಲಿದೆ ಎಂದು ಮಿದುಳು ಇಟ್ಟುಕೊಳ್ಳುವ ಲೆಕ್ಕ ಒಂದು ಚೂರು ಜಾರಿತು. ಜಾರಿದ ಆ ಲೆಕ್ಕಕ್ಕೆ ಮಿದುಳು ಇನ್ನೊಬ್ಬರ ಹೆಸರು ಬರೆದುಕೊಂಡಿತು.

2014ರಲ್ಲಿ ಅದೇ ಗುಂಪು ಕರೆಂಟು ಇಲ್ಲದೆ, ಆರೋಗ್ಯವಾಗಿರುವವರ ಮೇಲೇ ಪ್ರಯೋಗ ಮಾಡಿತು. ಕಣ್ಣಿಗೆ ಬಟ್ಟೆ ಕಟ್ಟಿ ನಿಲ್ಲಿಸಿದರು. ಮುಂದೆ ಒಂದು ಯಂತ್ರ, ಹಿಂದೆ ಒಂದು ಯಂತ್ರ. ನೀವು ಮುಂದಿನದನ್ನು ಬೆರಳಲ್ಲಿ ಆಡಿಸಿದರೆ ಹಿಂದಿನದು ನಿಮ್ಮ ಬೆನ್ನನ್ನು ಹಾಗೇ ಮುಟ್ಟುತ್ತದೆ. ಎರಡೂ ಒಟ್ಟೊಟ್ಟಿಗೆ ಆದರೆ ನನ್ನ ಬೆನ್ನನ್ನು ನಾನೇ ಮುಟ್ಟಿಕೊಂಡ ಹಾಗೆ. ಬೆನ್ನಿನ ಮುಟ್ಟುವಿಕೆಯನ್ನು ಅರ್ಧ ಸೆಕೆಂಡು ತಡ ಮಾಡಿದರೆ? ಹಿಂದೆ ಯಾರೋ ನಿಂತಿದ್ದಾರೆ ಎಂದು ಕೆಲವರಿಗೆ ಅನಿಸತೊಡಗಿತು. ಒಬ್ಬರಲ್ಲ, ನಾಲ್ಕು ಜನ ಇದ್ದ ಹಾಗೆ ಆಯಿತು ಎಂದವರೂ ಇದ್ದರು. ಇಬ್ಬರು ಸಾಕು, ನಿಲ್ಲಿಸಿ ಅಂದರು. ದೆವ್ವ ಬರುವುದಕ್ಕೆ ಅರ್ಧ ಸೆಕೆಂಡು ಸಾಕು.

ಇನ್ನು ಬೆಳಗಿನ ಜಾವದ ನಿದ್ದೆ ನೋಡಿ. ಕನಸು ಬೀಳುವ ನಿದ್ದೆ ಹೆಚ್ಚು ಇರುವುದು ಆ ಹೊತ್ತಿನಲ್ಲೇ. ಆಗ ಕೈಕಾಲು ಆಡದ ಹಾಗೆ ಮಿದುಳು ಮೈಯನ್ನು ಕಟ್ಟಿಹಾಕಿರುತ್ತದೆ. ಎಚ್ಚರ ಒಂದು ಗಳಿಗೆ ಮೊದಲೇ ಬಂದುಬಿಟ್ಟರೆ ಕಣ್ಣು ಬಿಟ್ಟಿರುತ್ತದೆ, ಕನಸು ನಿಂತಿರುವುದಿಲ್ಲ, ಮೈ ಏಳುವುದಿಲ್ಲ. ಎದೆ ಮೇಲೆ ಯಾರೋ ಕೂತರು ಎಂದು ನಮ್ಮ ಕಡೆ ಹೇಳುವುದರಲ್ಲಿ ಬಹುಪಾಲು ಇದೇ. ದೊಡ್ಡಮ್ಮನ ಕಂಬಳಿಗೂ ಈ ಅರೆನಿದ್ದೆಗೂ ನಂಟು ಇರಬಹುದು. ಆದರೆ ಹಾಡುಹಗಲಲ್ಲಿ, ಪಾತ್ರೆ ತೊಳೆಯುವಾಗ ಭುಜದ ಮೇಲೆ ಕೈ ಬಿದ್ದ ಹಾಗೆ ಆಗುವವರೂ ಇದ್ದಾರೆ. ನಿದ್ದೆ ಒಂದರಿಂದಲೇ ಎಲ್ಲವನ್ನೂ ವಿವರಿಸಲು ಆಗುವುದಿಲ್ಲ.

ಯಂತ್ರ ತೋರಿಸಿದ್ದು 'ಯಾರೋ' ಹೇಗೆ ಬರುತ್ತಾರೆ ಎನ್ನುವುದನ್ನು ಮಾತ್ರ. ಆ ಯಾರೋ ಅಪ್ಪನೇ ಏಕೆ, ಗಂಡನೇ ಏಕೆ? ಇದಕ್ಕೆ ನನಗೆ ಇಷ್ಟವಾದ ಉತ್ತರ ಇಲಿಗಳಿಂದ ಬಂದದ್ದು. ನಾರ್ವೆಯ ಮೇ-ಬ್ರಿಟ್ ಮತ್ತು ಎಡ್ವರ್ಡ್ ಮೋಸರ್, ಆಗ ದಂಪತಿ, 2014ರ ನೊಬೆಲ್ ಪಡೆದವರು, ಮಿದುಳು ಜಾಗದ ಲೆಕ್ಕ ಇಡುವುದು ಹೇಗೆ ಎಂದು ಹುಡುಕಿದವರು. ಅವರ ಪ್ರಯೋಗಾಲಯದಲ್ಲಿ ಇಲಿ ಓಡಾಡುವ ಪೆಟ್ಟಿಗೆಯೊಳಗೆ ಒಂದು ವಸ್ತು ಇಟ್ಟು, ಆಮೇಲೆ ತೆಗೆದರು. ವಸ್ತು ಇದ್ದಾಗ ಸುಮ್ಮನಿದ್ದ ಕೆಲವು ನರಕೋಶಗಳು, ತೆಗೆದ ಮೇಲೆ, ಅದು ಇದ್ದ ಜಾಗಕ್ಕೆ ಇಲಿ ಬಂದಾಗ ಮಿಡಿಯತೊಡಗಿದವು. ಇಲ್ಲಿ ಏನೋ ಇತ್ತಲ್ಲ ಅನ್ನುವ ಹಾಗೆ. ಒಂದು ದಿನ ಅಲ್ಲ, ಹಲವು ದಿನ. 2013ರಲ್ಲಿ ಇದು ಪ್ರಕಟವಾಯಿತು. ಪೆಟ್ಟಿಗೆಯೊಳಗಿನ ಸಣ್ಣ ವಸ್ತುವಿಗೇ ಇಷ್ಟು ಆದರೆ ನಲವತ್ತೆರಡು ವರ್ಷ ಮಂಚದ ಆ ಬದಿಯಲ್ಲಿ ಮಲಗಿದ ಮನುಷ್ಯನಿಗೆ ಎಷ್ಟು ಆಗಬೇಡ? ಇಲಿಯಿಂದ ಮನುಷ್ಯನಿಗೆ ಹಾರಿದ್ದು ನನ್ನ ಜಿಗಿತ, ಒಪ್ಪುತ್ತೇನೆ. ಆದರೆ ನಮ್ಮ ಮಿದುಳು ಮುಂದೆ ಬರುವುದನ್ನು ಮೊದಲೇ ಊಹಿಸಿಕೊಂಡು ಕೆಲಸ ಮಾಡುತ್ತದೆ ಎನ್ನುವುದು ಇಂದು ನರವಿಜ್ಞಾನಿಗಳಲ್ಲಿ ಚೆನ್ನಾಗಿ ಬೇರೂರಿದ ವಿಚಾರ. ಗೇಟು ಕಿರ್ರೆಂದರೆ ಅವರು, ಸ್ಕೂಟರ್ ಶಬ್ದ ಬಂದರೆ ಅವರು, ಮಂಚ ಅಲುಗಿದರೆ ಅವರು. ಸಾವಿನ ಸುದ್ದಿ ಬುದ್ಧಿಗೆ ಒಂದೇ ದಿನದಲ್ಲಿ ತಲುಪುತ್ತದೆ. ಚರ್ಮಕ್ಕೆ, ಕಿವಿಗೆ, ಬೆನ್ನಿಗೆ ತಲುಪಲು ತಿಂಗಳುಗಳು ಬೇಕು.

ನಮ್ಮ ಹಿರಿಯರಿಗೆ ನರಕೋಶ ಗೊತ್ತಿರಲಿಲ್ಲ. ಆದರೆ ಈ ತಡ ಗೊತ್ತಿತ್ತು ಅನಿಸುತ್ತದೆ. ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಡುತ್ತೇವೆ. ಸ್ಮಶಾನದಿಂದ ಬರುವಾಗ ಹಿಂತಿರುಗಿ ನೋಡಬಾರದು ಅನ್ನುತ್ತೇವೆ. ಮೂರನೇ ದಿನ ಹಾಲುತುಪ್ಪ. ಪಿಂಡ ಇಟ್ಟು ಕಾಗೆಗೆ ಕಾಯುತ್ತೇವೆ. ಕಾಗೆ ಮುಟ್ಟದಿದ್ದರೆ ಅವರಿಗೆ ಏನೋ ಆಸೆ ಉಳಿದಿದೆ ಎಂದು ಯಾರೋ ಒಬ್ಬರು ಮುಂದೆ ಬಂದು 'ನಿನ್ನ ಮಗಳ ಮದುವೆ ನಾವು ಮಾಡ್ತೀವಿ, ಯೋಚನೆ ಮಾಡ್ಬೇಡ' ಎಂದು ಜೋರಾಗಿ ಹೇಳುತ್ತಾರೆ. ಸತ್ತವರ ಜೊತೆ ಎಲ್ಲರ ಎದುರಿಗೇ ಮಾತಾಡಬಹುದಾದ ಹೊತ್ತು ಅದು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಅಜ್ಜನಿಗೆ ಇಷ್ಟ ಅಂತ ಬೀಡಿ ಕಟ್ಟು ಇಡುವ ಮನೆಗಳಿವೆ. ತುಳುನಾಡಿನಲ್ಲಿ ಕುಲೆಗಳಿಗೆ, ಅಂದರೆ ಸತ್ತ ಹಿರಿಯರಿಗೆ, ಬಡಿಸುತ್ತಾರೆ. ಮಗುವಾಗಿದ್ದಾಗ ಸತ್ತ ಹುಡುಗ ಬದುಕಿದ್ದರೆ ಈಗ ಮದುವೆ ವಯಸ್ಸು ಎಂದು ಲೆಕ್ಕ ಹಾಕಿ, ಹಾಗೇ ಸತ್ತ ಹುಡುಗಿಯನ್ನು ಹುಡುಕಿ ಪ್ರೇತ ಮದುವೆ ಮಾಡುತ್ತಾರೆ. ಸತ್ತ ಮಕ್ಕಳು ಅಲ್ಲಿ ಬೆಳೆಯುತ್ತಲೇ ಇರುತ್ತಾರೆ.

ಓಡಿಸುವುದು, ಕರೆಯುವುದು ಎರಡೂ ಇದರಲ್ಲಿದೆ. ಗೊಂದಲ ಅಂತ ಕಾಣಬಹುದು, ನನಗೆ ಜಾಣತನ ಅಂತ ಕಾಣುತ್ತದೆ. ಜಪಾನಿನಲ್ಲೂ ಹೀಗೇ. 1969ರಲ್ಲಿ ಅಚ್ಚಾದ ಅಧ್ಯಯನವೊಂದರಲ್ಲಿ, ಟೋಕಿಯೊದಲ್ಲಿ ಗಂಡನನ್ನು ಕಳೆದುಕೊಂಡ 20 ಹೆಂಗಸರನ್ನು ಕೇಳಿದರೆ 18 ಜನ ಗಂಡ ಹತ್ತಿರವೇ ಇದ್ದಾರೆ ಅನಿಸುತ್ತದೆ ಎಂದಿದ್ದರು. ಅವರ ಮನೆಗಳಲ್ಲಿ ಹಿರಿಯರಿಗೆ ಒಂದು ಸಣ್ಣ ಗೂಡಿನಂಥ ಪೀಠ ಇರುತ್ತದೆ. ಅದರ ಮುಂದೆ ಅನ್ನ, ಚಹಾ ಇಟ್ಟು ದಿನದ ಸುದ್ದಿ ಹೇಳುವುದು ಅಲ್ಲಿ ಮಾಮೂಲಿ. ವೇಲ್ಸ್‌ನಲ್ಲಿ ಮುಚ್ಚಿಟ್ಟಿದ್ದನ್ನು ಜಪಾನಿನಲ್ಲಿ ಹೇಳಿಕೊಂಡರು. ಇಷ್ಟೇ ವ್ಯತ್ಯಾಸ ಇರಬಹುದು.

ಆದರೆ ನಮ್ಮ ಶಾಸ್ತ್ರಗಳಿಗೆ ಒಂದು ಕೊರತೆ ಇದೆ. ಕಾಗೆಯ ಮುಂದೆ ನಿಲ್ಲುವವನು ಮಗ. ಮಂಚದ ಮೇಲೆ ಒಬ್ಬಳೇ ಮಲಗುವವಳು ಹೆಂಡತಿ. ಅವಳ ಬಳೆ ಒಡೆಯಲು, ಹೂವು ತೆಗೆಯಲು ಶಾಸ್ತ್ರ ಇದೆ. ನಾಲ್ಕೂವರೆಗೆ ಏನಾಗುತ್ತದೆ ಎಂದು ಕೇಳಲು ಇಲ್ಲ. ಈಗಂತೂ ಹನ್ನೊಂದು ದಿನ ಅನ್ನುವುದು ಮೂರಕ್ಕೆ ಇಳಿದಿದೆ, ರಜೆ ಸಿಗಬೇಕಲ್ಲ. ಕೋವಿಡ್‌ನಲ್ಲಿ ಅದೂ ಇರಲಿಲ್ಲ. 2021ರಲ್ಲಿ ಯಾರೂ ಬಂದು ಒಯ್ಯದ ನೂರಾರು ಜನರ ಅಸ್ಥಿಯನ್ನು ಕರ್ನಾಟಕ ಸರ್ಕಾರವೇ ಕಾವೇರಿಯಲ್ಲಿ ಬಿಟ್ಟಿತು. ಮುಖ ನೋಡದೆ, ಹೆಗಲು ಕೊಡದೆ ಕಳುಹಿಸಿದವರ ಮೈಗೆ ಆ ಸುದ್ದಿ ತಲುಪುವುದಾದರೂ ಹೇಗೆ? ಅಮೆರಿಕದಲ್ಲಿ ಕೂತು ವಾಟ್ಸಾಪ್ ವಿಡಿಯೊದಲ್ಲಿ ಅಮ್ಮನ ಚಿತೆ ನೋಡಿದವರದ್ದೂ ಇದೇ ಕಥೆ.

ಎಲ್ಲರಿಗೂ ಇದು ಕಂಬಳಿ ಹೊದಿಸುವ ಕೈಯೇ ಆಗಿರುತ್ತದೆ ಎಂದುಕೊಳ್ಳಬೇಡಿ. ನಾವು ಮೊದಲು ಇದ್ದ ಬೀದಿಯಲ್ಲಿ ಒಬ್ಬ ಹೆಂಗಸಿದ್ದರು. ಗಂಡ ಕುಡಿದು ಬಂದು ಹೊಡೆಯುತ್ತಿದ್ದವನು. ಅವನು ಸತ್ತು ವರ್ಷವಾದರೂ ರಾತ್ರಿ ಹತ್ತಕ್ಕೆ ಚಪ್ಪಲಿ ಎಳೆಯುವ ಸದ್ದು ಕೇಳಿಸುತ್ತದೆ, ಕುತ್ತಿಗೆ ಹಿಂದೆ ಬಿಸಿ ಉಸಿರು ತಾಗುತ್ತದೆ ಎನ್ನುತ್ತಿದ್ದರು. ಹತ್ತಾದರೆ ಸಾಕು, ಅಡುಗೆಮನೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಬದುಕಿದ್ದಾಗ ಸಂಬಂಧ ಹೇಗಿತ್ತೋ ಸತ್ತ ಮೇಲೂ ಮುಟ್ಟುವಿಕೆ ಹಾಗೇ ಇರುತ್ತದೆ. ಅವರಿಗೆ 'ನಿಮ್ಮ ಯಜಮಾನರ ಆಶೀರ್ವಾದ' ಎಂದು ಸಮಾಧಾನ ಹೇಳಿದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅವರಿಗೆ ನಿಜವಾಗಿಯೂ ಸಹಾಯ ಬೇಕಿತ್ತು.

ಡಾಕ್ಟರುಗಳ ಪುಸ್ತಕ ಈಗ ಏನು ಹೇಳುತ್ತದೆ? ನೂರು ವರ್ಷದ ಹಿಂದೆ, 1917ರಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ದುಃಖದ ಕೆಲಸ ಅಂದರೆ ಹೋದವರಿಂದ ಮನಸ್ಸನ್ನು ಎಳೆ ಎಳೆಯಾಗಿ ಬಿಡಿಸಿಕೊಳ್ಳುವುದು ಎಂದು ಬರೆದಿದ್ದರು. ಬಿಡಿಸಿಕೊಳ್ಳದಿದ್ದರೆ ಏನೋ ತಪ್ಪಾಗಿದೆ ಎಂದು ಬಹುಕಾಲ ನಂಬಲಾಯಿತು. 1996ರ ಹೊತ್ತಿಗೆ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಎಂಬ ಅಮೆರಿಕದ ಸಂಶೋಧಕರು ಇದನ್ನು ತಿರುಗಿಸಿದರು: ನಂಟು ಮುಗಿಯುವುದಿಲ್ಲ, ರೂಪ ಬದಲಿಸುತ್ತದೆ, ಅದು ಆರೋಗ್ಯವೇ. 2022ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ 'ದೀರ್ಘ ಶೋಕ' ಎಂಬ ಹೊಸ ಕಾಯಿಲೆ ಸೇರಿತು. ದೊಡ್ಡವರಲ್ಲಿ ಒಂದು ವರ್ಷವಾದರೂ ದಿನದಿನವೂ ದುಃಖ ಬದುಕನ್ನೇ ನಿಲ್ಲಿಸಿದ್ದರೆ ಆ ಹೆಸರು ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಈ ಗಡುವು ಆರು ತಿಂಗಳು. ಇದರ ಬಗ್ಗೆ ಜಗಳ ಇದ್ದೇ ಇದೆ. ವರ್ಷದ ತಿಥಿವರೆಗೆ ಶುಭಕಾರ್ಯವನ್ನೇ ಮಾಡದ ನಮಗೆ ಆರು ತಿಂಗಳು ಅನ್ನುವುದು ತಮಾಷೆಯಾಗಿ ಕಾಣುತ್ತದೆ. ಆದರೆ ಹೋದವರು ಬಂದ ಹಾಗೆ ಅನಿಸಿತು ಅನ್ನುವುದೊಂದೇ ಆ ಕಾಯಿಲೆ ಆಗುವುದಿಲ್ಲ.

ಚಿಂತೆ ಮಾಡಬೇಕಾದ್ದು ಬೇರೆ ಇದೆ. 'ನನ್ನ ಜೊತೆ ಬಾ' ಎಂದು ಕರೆಯುತ್ತಾರೆ, ನನಗೂ ಹೋಗಬೇಕು ಅನಿಸುತ್ತದೆ ಎಂದರೆ ಕಾಯಬಾರದು. ಊಟ ನಿದ್ದೆ ಪೂರಾ ಬಿಟ್ಟರೆ, ದನಿಗಳು ಬೈದು ಅಪ್ಪಣೆ ಮಾಡಿದರೆ, ಹೆದರಿ ಮನೆಯಲ್ಲಿ ಇರಲಾಗದಿದ್ದರೆ ಕೂಡ. ವಯಸ್ಸಾದವರಿಗೆ ಸತ್ತವರ ಜೊತೆಗೆ ಪರಿಚಯವೇ ಇಲ್ಲದ ಮಕ್ಕಳು, ಪ್ರಾಣಿಗಳು ಕಾಣತೊಡಗಿದರೆ, ಜೊತೆಗೆ ಕೈ ನಡುಕ, ಮರೆವು ಇದ್ದರೆ ನರರೋಗ ತಜ್ಞರಿಗೆ ತೋರಿಸಿ. ಪಾರ್ಕಿನ್ಸನ್ಸ್ ಮತ್ತು ಕೆಲವು ಬಗೆಯ ಮರೆವಿನ ಕಾಯಿಲೆಯಲ್ಲಿ ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನುವ ಭಾವ ಬರುವುದುಂಟು. ಜ್ವರ, ಸೋಂಕು, ಹೊಸ ಮಾತ್ರೆಯಿಂದಲೂ ಬರುತ್ತದೆ. ಯಾರನ್ನು ಕೇಳುವುದು ಅಂತ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ಮಾತು ಈಗ ಜರೂರು ಅನಿಸಲು ಇನ್ನೊಂದು ಕಾರಣ ಇದೆ. ಸತ್ತವರನ್ನು ಹತ್ತಿರ ಇರಿಸುವುದು ಈಗ ವ್ಯಾಪಾರ ಆಗುತ್ತಿದೆ. 2020ರಲ್ಲಿ ದಕ್ಷಿಣ ಕೊರಿಯಾದ ಟಿವಿಯಲ್ಲಿ ಒಬ್ಬ ತಾಯಿ ಕಣ್ಣಿಗೆ ಇಲ್ಲದ್ದನ್ನು ಎದುರಿಗೇ ಇದ್ದ ಹಾಗೆ ತೋರಿಸುವ ವಿಆರ್ ಕನ್ನಡಕ, ಕೈಗೆ ಗವುಸು ಹಾಕಿಕೊಂಡು ಸತ್ತ ಮಗಳನ್ನು 'ಮುಟ್ಟಲು' ಕೈ ಚಾಚಿದ್ದನ್ನು ಲಕ್ಷಾಂತರ ಜನ ನೋಡಿದರು. 2022ರಲ್ಲಿ ಅಮೆಜಾನ್ ತನ್ನ ಅಲೆಕ್ಸಾ ಸತ್ತ ಅಜ್ಜಿಯ ದನಿಯಲ್ಲಿ ಮೊಮ್ಮಗನಿಗೆ ಕಥೆ ಓದುವುದನ್ನು ತೋರಿಸಿತು. 2024ರ ಜನವರಿಯಲ್ಲಿ ಪಕ್ಕದ ತಮಿಳುನಾಡಿನಲ್ಲಿ, 2018ರಲ್ಲೇ ತೀರಿಕೊಂಡ ಕರುಣಾನಿಧಿ ಎಐ ವಿಡಿಯೊದಲ್ಲಿ ಬಂದು ಮಗನನ್ನು ಹೊಗಳಿದರು. ಅಮ್ಮನ ಹಳೆಯ ವಾಯ್ಸ್ ಮೆಸೇಜು ಕೊಟ್ಟರೆ ಅಮ್ಮನ ಹಾಗೆ ಮಾತಾಡುವ ಆ್ಯಪ್ ಮಾಡಿಕೊಡುವವರು ಈಗ ಬೇಕಾದಷ್ಟು ಇದ್ದಾರೆ.

ಇದಕ್ಕೂ ಕಂಬಳಿಗೂ ವ್ಯತ್ಯಾಸ ಏನು ಎಂದು ತುಂಬಾ ಯೋಚಿಸಿದೆ. ಎರಡೂ ನಿಜವಾದ ಅವರಲ್ಲ ಅಂತ ಇಟ್ಟುಕೊಳ್ಳೋಣ. ನಾನು ದೆವ್ವ ನಂಬುವವಳಲ್ಲ. ಆದರೆ ಕಂಬಳಿ ಎಳೆಯುವ ಕೈ ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಬದುಕಿದ್ದಾಗ ಮಾಡಿದ್ದನ್ನೇ ಮಾಡುತ್ತದೆ. ಯಂತ್ರ ಅವರು ಎಂದೂ ಹೇಳದ ಮಾತನ್ನು ಅವರ ಬಾಯಲ್ಲಿ ಹೇಳಿಸುತ್ತದೆ. ಬಾ ಅಂದಾಗ ಬರುತ್ತದೆ, ತಿಂಗಳ ಬಾಡಿಗೆ ಕಟ್ಟುವವರೆಗೂ ಹೋಗುವುದಿಲ್ಲ. ಅದು ಮೈಗೆ ಸುದ್ದಿ ತಲುಪದ ಹಾಗೆ ದಾರಿಯಲ್ಲೇ ತಡೆಯುತ್ತದೆ. ನನಗೆ ಈ ವ್ಯಾಪಾರ ಹಿಡಿಸುವುದಿಲ್ಲ, ನೇರವಾಗಿ ಹೇಳುತ್ತೇನೆ.

ದೊಡ್ಡಮ್ಮನಿಗೆ ನಾನು ಸ್ವಿಟ್ಜರ್ಲೆಂಡಿನ ಯಂತ್ರದ ಕಥೆ ಹೇಳಲಿಲ್ಲ. ಕಂಬಳಿ ಯಾವುದು ಎಂದು ಕೇಳಿದೆ. ಚಳ್ಳಕೆರೆಯ ಕರಿ ಕಂಬಳಿ ಅಂದರು. ಎಡಗಾಲ ಮೇಲಾ, ಬಲಗಾಲ ಮೇಲಾ ಎಂದು ಕೇಳಿದೆ. ಎಡಗಾಲು, ಅವರು ಎಡಗಡೆ ಮಲಗ್ತಿದ್ದರಲ್ಲ ಅಂದರು. ಆಮೇಲೆ ಒಂದು ಗಂಟೆ ಅವರೇ ಮಾತಾಡಿದರು. ಹಿದುಕಿದ ಬೇಳೆ ಒಂದು ಪಾತ್ರೆ ತುಂಬಿತು.

ಮೊನ್ನೆ ಊರಿಗೆ ಹೋದಾಗ ಮೆಲ್ಲಗೆ ಕೇಳಿದೆ, ಈಗಲೂ ಬರ್ತಾರಾ ಅಂತ.

"ಇಲ್ಲ ಕಣೇ. ನಿಮ್ಮಣ್ಣ ಹೊಸ ಮಂಚ ತಂದ. ಹಾಸಿಗೆ ಹೂವಿನ ಹಂಗಿದೆ, ಏನು ಪ್ರಯೋಜನ. ಅವ್ರಿಗೆ ಜಾಗ ಗೊತ್ತಾಗ್ಲಿಲ್ವೇನೋ."

ಹಳೆಯ ಮಂಚ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಮಾರಲು ಅವರು ಬಿಟ್ಟಿರಲಿಲ್ಲ.